ಜಗಲಿಯ ಮೇಲಿನ ಬಾಟಲಿ

ಅಂಗಳದ ಬೇವಿನ ಮರದ ನೆರಳಿಗೆ ಗೋಣಿತಟ್ಟು ಹಾಸಿಕೊಂಡು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುವ ದಿನಗಳು. ಅರ್ಧ ಚೀಲ ಮುಗಿದಿತ್ತು, ಅರ್ಧ ಉಳಿದಿತ್ತು. ಆಗ ಫೋನು ಬಂತು. ಬೆರಳೆಲ್ಲ ಉರಿಯುತ್ತಿದ್ದರಿಂದ ಸೆರಗಿನ ತುದಿಯಲ್ಲಿ ಫೋನು ಎತ್ತಿ ಕಿವಿಗೆ ಹಿಡಿದೆ. ಸಿಂದಗಿಯಿಂದ ನಮ್ಮ ಮನೆಯವರು ಮಾತಾಡುತ್ತಿದ್ದರು. ಅತ್ತೆಯವರ ಕಾಲಿನ ಹುಣ್ಣು ತೋರಿಸಲು ಮುಂಜಾನೆಯ ಬಸ್ಸಿಗೆ ಅವರನ್ನು ಕರೆದುಕೊಂಡು ಹೋಗಿದ್ದರು.

“ಕಾಲಿನ ಹೆಬ್ಬಟ್ಟು ತಗೀಬೇಕಾಗ್ತೈತಿ ಅನ್ನಾಕತ್ತಾರ,” ಅಂದರು. ಆಮೇಲೆ ಅವರೇ ಮುಂದುವರಿಸಿದರು. “ಸಕ್ಕರಿ ಇಳೀವಲ್ದು. ಎಂಟು ದಿನ ದವಾಖಾನ್ಯಾಗ ಇಟ್ಕೊಂಡು ನೋಡ್ತಾರಂತ. ಇಳದ್ರ ಬೆರಳು ಉಳೀತೈತಿ. ಇಲ್ಲಂದ್ರ ಇಲ್ಲ. ನೀ ಅವ್ವನ ಅರಿವಿ, ಔಷಧ ಎಲ್ಲಾ ತಗೊಂಡು ಬಾ.”

ಕೈಯನ್ನು ಬೂದಿ ಹಚ್ಚಿ ಮೂರು ಸಲ ತೊಳೆದರೂ ಉರಿ ಹೋಗಲಿಲ್ಲ. ಆ ಕೈಯಲ್ಲೇ ಅವರ ಎರಡು ಸೀರೆ, ಹೊದಿಕೆ, ಔಷಧ, ವಿಭೂತಿ ಗಟ್ಟಿ ಕಟ್ಟಿಕೊಂಡೆ. ಎಂಟು ದಿನ ಕೊಟ್ಟಿದ್ದಾನಲ್ಲ ಶಿವ, ಇವತ್ತೇ ಅನ್ನಲಿಲ್ಲವಲ್ಲ ಎಂದು ಅಂದುಕೊಂಡೆ. ನನಗೆ ಹಾಗೆ ಎಣಿಸುವ ರೂಢಿ. ದೊಡ್ಡದು ಕೈ ತಪ್ಪುವಂತಿದ್ದಾಗ ಸಣ್ಣದನ್ನು ಹಿಡಿದುಕೊಂಡು ನಿಲ್ಲುತ್ತೇನೆ.

ಹುಣ್ಣು ಆಗಿದ್ದು ಲಿಂಬೆ ಮುಳ್ಳಿನಿಂದ. ನಮ್ಮೂರು ತಾಂಬಾ, ಇಂಡಿ ತಾಲ್ಲೂಕು. ಊರ ಹೊರಗೆ ನಮ್ಮ ಲಿಂಬೆ ತೋಟವಿದೆ. ಬೆಳಕು ಹರಿಯುವ ಹೊತ್ತಿಗೆ ಅತ್ತೆಯವರು ಅಲ್ಲಿಗೆ ಹೋಗಿ ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸಿ ತರುತ್ತಿದ್ದರು. ಹೊಲದಲ್ಲಿ ಚಪ್ಪಲಿ ಮೆಟ್ಟುವವರಲ್ಲ. ಉಣಿಸುವ ಭೂಮಿಯ ಮೇಲೆ ಚಪ್ಪಲಿ ಕಾಲು ಇಡಬಾರದೆಂಬುದು ಅವರ ನಂಬಿಕೆ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಅರಿವು ಕಡಿಮೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಮುಳ್ಳು ಯಾವಾಗ ಹೊಕ್ಕಿತೋ ಅವರಿಗೇ ತಿಳಿಯಲಿಲ್ಲ. ಯುಗಾದಿಯ ದಿನ ಎಣ್ಣೆ ಹಚ್ಚಿ ನೀರು ಹಾಕುವಾಗ ಬಲಗಾಲಿನ ಹೆಬ್ಬೆರಳು ಕೆಂಪಗೆ ಬಾತಿದ್ದು ನನ್ನ ಕಣ್ಣಿಗೆ ಬಿತ್ತು. ಮುಳ್ಳು ತೆಗೆದೆವು. ಗಾಯ ಮಾಯಲಿಲ್ಲ.

ಎಪ್ಪತ್ತು ದಾಟಿದ ಜೀವ. ಹಲ್ಲು ಒಂದೂ ಬಿದ್ದಿಲ್ಲ. “ಶಿವ ಕೊಟ್ಟಿದ್ದು ಇಡೀ ಐತಿ, ಇಡೀನ ಅವಂಗ ಒಪ್ಸತೇನಿ,” ಎಂದು ಬಂದವರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸುವಾಗಲೂ, ತೆಗೆದದ್ದನ್ನು ತಮ್ಮ ಕೈಗೆ ಕೊಡಬೇಕೆಂದು ಡಾಕ್ಟರರೊಂದಿಗೆ ವಾದಕ್ಕೆ ಇಳಿದಿದ್ದರು. ಇಂಥವರ ಬೆರಳು ಕತ್ತರಿಸುವುದೆಂದರೆ ಏನೆಂದು ನನಗೆ ಗೊತ್ತು. ಬಸ್ಸಿನಲ್ಲಿ ಕುಳಿತಾಗ ಕಾಡಿದ್ದು ಅದೊಂದೇ ಅಲ್ಲ. ಅವರ ಮೇಲೆ ನಾನು ಹೊರಿಸಿದ ಒಂದು ಮಾತು ನನ್ನ ಜೊತೆ ಬಸ್ಸು ಹತ್ತಿತ್ತು. ಅದನ್ನು ಹೇಳಬೇಕಾದರೆ ಇಂಡಿಯ ಔಷಧ ಅಂಗಡಿಯಿಂದ ಶುರು ಮಾಡಬೇಕು.

ಅಂಗಡಿಯವರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಬಯ್ಯುವಷ್ಟು ಸಿಟ್ಟು ಒಂದು ಕಾಲಕ್ಕೆ ಇತ್ತು, ಈಗ ಉಳಿದಿಲ್ಲ. ಹಬ್ಬ ಹುಣ್ಣಿಮೆ ಅನ್ನದೆ ಬಾಗಿಲು ತೆರೆಯುತ್ತಾರೆ, ಬೇಕಾದ ಔಷಧ ಹೆಚ್ಚಾಗಿ ಸಿಗುತ್ತದೆ. ಅಷ್ಟು ಉಪಕಾರ ಒಪ್ಪಿಕೊಳ್ಳಬೇಕು. ಆದರೆ ಅಲ್ಲಿ ಹೋಗಿ ನಿಲ್ಲುವುದೆಂದರೆ ನನಗೆ ಪರೀಕ್ಷೆಗೆ ನಿಂತ ಹಾಗೆ ಆಗುತ್ತಿತ್ತು. ಕಟ್ಟೆಯ ಮುಂದೆ ಸಾಲು ಎಂಬುದೇ ಇಲ್ಲ. ಮೋಟರ್ ಸೈಕಲ್ ನಿಲ್ಲಿಸಿ ಬಂದವರು ನನ್ನ ಭುಜದ ಮೇಲಿಂದ ಚೀಟಿ ಚಾಚುತ್ತಾರೆ, ಅವರಿಗೆ ಮೊದಲು. ಅಂಗಡಿಯವರು ಒಂದು ಕಿವಿಗೆ ಫೋನು ಒತ್ತಿ ಹಿಡಿದೇ ಗುಳಿಗೆ ಎಣಿಸುತ್ತಾರೆ. ಹತ್ತರ ಪಟ್ಟಿಯಲ್ಲಿ ನಾಲ್ಕು ಕೇಳಿದರೆ ಕತ್ತರಿಯಿಂದ ಕರಕ್ಕನೆ ಕತ್ತರಿಸಿ, ಹೆಸರಿರುವ ತುದಿ ತಾವಿಟ್ಟುಕೊಂಡು ಹೆಸರಿಲ್ಲದ ತುಂಡು ನಮಗೆ ಕೊಡುತ್ತಾರೆ. ಮನೆಗೆ ಬಂದ ಮೇಲೆ ಯಾವುದು ಬಿಪಿಯದು, ಯಾವುದು ಹೊಟ್ಟೆಯದು ಎಂದು ಬಣ್ಣ ನೋಡಿ ಗುರುತಿಸಬೇಕು. ಒಮ್ಮೆ ಅತ್ತೆಯವರ ಬಿಳಿ ಗುಳಿಗೆಯ ಬದಲು ಗುಲಾಬಿ ಬಣ್ಣದ್ದು ಬಂತು. ಇದು ಬೇರೆ ಇದೆಯಲ್ಲ ಅಂದೆ. ಎರಡೂ ಒಂದೇ, ಕಂಪನಿ ಬೇರೆ ಅಂದರು. ಡಾಕ್ಟರ್ ಬರೆದದ್ದು ಬೇರೆ ಹೆಸರಲ್ಲವೇ ಎಂದು ಚೀಟಿ ತೋರಿಸಿದೆ.

“ನೀವೇನ ಡಾಕ್ಟರಕಿ ಕಲ್ತೀರೇನ್ರಿ ಅವ್ವಾರ? ಬೇಕಂದ್ರ ಒಯ್ರಿ, ಇಲ್ಲಂದ್ರ ಇಡ್ರಿ.”

ಒಯ್ದೆ. ಅಷ್ಟು ದೂರದಿಂದ ಬಂದವಳು ಏನು ಮಾಡಬೇಕು? ಅದು ನಿಜಕ್ಕೂ ಒಂದೇ ಗುಳಿಗೆ ಇತ್ತೆಂದು ಆಮೇಲೆ ಡಾಕ್ಟರ್ ಹೇಳಿದರು. ಅಂಗಡಿಯವರ ಮಾತು ಸುಳ್ಳಿರಲಿಲ್ಲ. ಹೇಳಿದ ರೀತಿಯಿಂದ ನನ್ನ ಬಾಯಿ ಕಟ್ಟಿಹೋಯಿತು. ಆಮೇಲೆ ಅಲ್ಲಿ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಹೂಂ ರೀ ಅನ್ನುವುದು, ಚೀಲಕ್ಕೆ ಹಾಕಿಕೊಳ್ಳುವುದು, ಬಸ್ಸು ಹಿಡಿಯುವುದು. ಹಾನಿ ಶುರುವಾದದ್ದು ಅಲ್ಲಿಂದ ಎಂದು ಈಗ ಅನ್ನಿಸುತ್ತದೆ.

ಶಿವರಾತ್ರಿಯಾದ ಮೇಲೆ ಇಂಡಿಯ ಡಾಕ್ಟರರು ಗುಳಿಗೆ ಸಾಲದು, ಇನ್ಸುಲಿನ್ ಸೂಜಿ ಬೇಕು ಅಂದರು. ದಿನಾ ಮುಂಜಾನೆ, ಸಂಜೆ. ಚುಚ್ಚುವುದನ್ನು ನರ್ಸಮ್ಮ ನನಗೆ ಕಲಿಸಿದರು. ಮೊದಲ ದಿನ ನಾನು ಸೂಜಿ ಹಿಡಿದು ಹಿಂಜರಿದಾಗ ಅತ್ತೆಯವರೇ ಹೊಟ್ಟೆಯ ಮೇಲಿನ ಸೀರೆ ಸರಿಸಿ, “ಚುಚ್ಚ ಯವ್ವಾ, ನಾ ಏನ ಬೆಣ್ಣಿ ಅಲ್ಲ ಕರಗಾಕ,” ಅಂದರು. ಆ ಮಾತಿಗೆ ನಕ್ಕಿದ್ದರಿಂದಲೇ ಚುಚ್ಚಲು ಆಯಿತು. ಚುಚ್ಚುವುದನ್ನು ಚೆನ್ನಾಗಿ ಕಲಿತೆ. ಇಡುವುದನ್ನು ಯಾರೂ ಕಲಿಸಲಿಲ್ಲ. ಅಂಗಡಿಯಲ್ಲಿ ಹೇಳುತ್ತಾರೆಂದು ನರ್ಸಮ್ಮ ಅಂದುಕೊಂಡಿರಬೇಕು. ದವಾಖಾನೆಯಲ್ಲಿ ಹೇಳಿರುತ್ತಾರೆಂದು ಅಂಗಡಿಯವರು ಅಂದುಕೊಂಡಿರಬೇಕು. ಅವರು ಡಬ್ಬಿ ಬಿಚ್ಚಿ, ಬೆರಳುದ್ದದ ಬಾಟಲಿಯನ್ನು ಸಿರಿಂಜಿನ ಜೊತೆ ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ಒಳಗಿದ್ದ ಮಡಿಕೆ ಮಡಿಕೆಯ ಹಾಳೆ ಡಬ್ಬಿಯ ಜೊತೆ ಕಟ್ಟೆಯ ಕೆಳಗಿನ ಕಸದ ಬುಟ್ಟಿಗೆ ಹೋಯಿತು. ಇದನ್ನು ಹೇಗೆ ಇಡಬೇಕು ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನವರು ಆಗಲೇ ಚೀಟಿ ಚಾಚಿದ್ದರು. ಸರಿದು ನಿಂತೆ.

ಇಲ್ಲಿಂದ ಮುಂದಿನದು ನನ್ನದೇ ಬುದ್ಧಿ. ಬೇರೆಯವರ ತಲೆಗೆ ಕಟ್ಟುವುದಿಲ್ಲ.

ನಮ್ಮ ಮನೆಯಲ್ಲಿ ಯಾವ ಹೊಸ ವಸ್ತು ಬಂದರೂ ಮೊದಲು ಜಗಲಿಗೆ ಹೋಗಬೇಕು. ನಮ್ಮ ಕಡೆ ಜಗಲಿ ಅಂದರೆ ದೇವರ ಕಟ್ಟೆ. ಮಕ್ಕಳ ಸಾಲಿ ಪುಸ್ತಕ, ಹೊಸ ಸೀರೆ, ಬಿತ್ತುವ ಬೀಜ, ಹೊಸ ಕುಕ್ಕರು ಕೂಡ. ದೇವರ ಮುಂದಿಟ್ಟು, ವಿಭೂತಿ ಹಚ್ಚಿ, ಆಮೇಲೆ ಬಳಸುವುದು. ಬಾಟಲಿಯನ್ನೂ ಇಟ್ಟೆ. ಬೇರೆಯದನ್ನಾದರೆ ಮರುದಿನ ಎತ್ತಿಡುತ್ತೇವೆ. ಇದನ್ನು ಎತ್ತಲು ಮನಸ್ಸಾಗಲಿಲ್ಲ. ಅತ್ತೆಯವರು ಮುಂಜಾನೆ ಮಿಂದು ಲಿಂಗಪೂಜೆ ಮಾಡಿ, ಪ್ರಸಾದವೆಂದು ಉಣ್ಣುವ ಮುಂಚೆ ಸೂಜಿ ಆಗಬೇಕು. ಪೂಜೆಗೂ ಪ್ರಸಾದಕ್ಕೂ ನಡುವೆ ಬರುವ ವಸ್ತು ಅದು. ಅದನ್ನು ನಿನ್ನೆಯ ಸಾರು, ತಂಗಳ ರೊಟ್ಟಿ, ಮುಸುರೆ ಪಾತ್ರೆ ತುಂಬಿದ ಫ್ರಿಜ್ಜಿನಲ್ಲಿ ಇಡುವುದೇ? ಹಾಗೆ ಇಡಬಹುದೆಂಬ ವಿಚಾರವೇ ನನಗೆ ಬರಲಿಲ್ಲ. ಜೀವ ಉಳಿಸುವ ಔಷಧ, ದೇವರ ಕಣ್ಣೆದುರೇ ಇರಲಿ ಅಂದುಕೊಂಡೆ. ಎಣ್ಣೆ ದೀಪದ ಮಗ್ಗುಲಿಗೆ ಇಟ್ಟೆ. ದೀಪದ ಬಿಸಿಗೆ ಗಾಜು ಬೆಚ್ಚಗಿರುತ್ತಿತ್ತು. ಬೆಚ್ಚಗಿನ ಔಷಧ ಚುಚ್ಚಿದರೆ ಮುದುಕಿಗೆ ಉರಿಯುವುದಿಲ್ಲ, ದೇವರೇ ಕಾಸಿ ಕೊಡುತ್ತಾನೆ ಎಂದು ಒಳಗೊಳಗೆ ಖುಷಿಪಟ್ಟವಳು ನಾನು.

ಬಿಸಿಲು ಏರುತ್ತಾ ಹೋಯಿತು. ಒಂದು ಬಾಟಲಿ ಮುಗಿದು ಎರಡನೆಯದು, ಮೂರನೆಯದು ಬಂತು. ಸಕ್ಕರೆ ಇಳಿಯುವ ಬದಲು ಏರಿತು. ಮೂರನೆಯ ಬಾಟಲಿಯಲ್ಲಿ ಒಂದು ವಿಶೇಷ ಕಂಡಿತು. ಹಾಲಿನ ಬಣ್ಣದ ಔಷಧದಲ್ಲಿ ಸಣ್ಣ ಸಣ್ಣ ಬಿಳಿ ಕಾಳು. ಅಲುಗಾಡಿಸಿದರೂ ಕರಗದೆ ಗಾಜಿಗೆ ಅಂಟಿಕೊಂಡವು. ಆ ಸಲ ಧೈರ್ಯ ಮಾಡಿ ಬಾಟಲಿಯನ್ನೇ ಇಂಡಿಗೆ ಒಯ್ದೆ. ಕಟ್ಟೆಯ ಮುಂದೆ ನಿಂತು, ಒಳಗೆ ಕಾಳು ಕಾಳು ಕಾಣುತ್ತಿದೆ, ಸಕ್ಕರೆಯೂ ಇಳಿಯುತ್ತಿಲ್ಲ ಅಂದೆ. ಅಂಗಡಿಯವರು ಬಾಟಲಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಯಾರಿಗೋ ಮುಲಾಮು ಹುಡುಕುತ್ತ ಬೆನ್ನು ತಿರುಗಿಸಿಯೇ ಹೇಳಿದರು.

“ಅಲುಗಾಡಿಸಿ ಹಾಕ್ರಿ. ಮತ್ತ ಮೊದಲ ಮುದುಕಿ ಕೈಗಿ ಬೆಲ್ಲದ ಡಬ್ಬಿ ಸಿಗಲಾರ್ದಂಗ ಇಡ್ರಿ. ಕದ್ದು ತಿನ್ನೂದು ಅವರು, ಹೆಸರು ನಮ್ಮ ಔಷಧದ್ದು.”

ನಿಂತವರು ನಕ್ಕರು. ಒಬ್ಬರು, ನಮ್ಮಪ್ಪನೂ ಹಂಗ ರೀ, ಕಿಸೆದಾಗ ಪೇಡೆ ಇಟ್ಕೊಂಡು ತಿರಗ್ತಾನ ಅಂದರು. ನಾನೂ ನಕ್ಕೆ. ನಗದಿದ್ದರೆ ಅವಮಾನ ಇನ್ನೂ ಹೆಚ್ಚಾಗುತ್ತಿತ್ತು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ.

ಆ ಮಾತು ಬಸ್ಸಿನಲ್ಲಿ ನನ್ನ ತಲೆಯೊಳಗೆ ಕೂತು ಊರಿನ ತನಕ ಬಂತು. ಹೌದಲ್ಲ, ಮೊನ್ನೆ ಬೆಲ್ಲ ಕಡಿಮೆಯಾದಂತೆ ಇತ್ತು. ಯುಗಾದಿಯ ಹೋಳಿಗೆ ಒಂದು ಕಾಣಿಸಿರಲಿಲ್ಲ. ಮಧ್ಯಾಹ್ನ ನಾನು ಮಲಗಿದಾಗ ಅಡಿಗೆಮನೆಯಲ್ಲಿ ಸಪ್ಪಳ ಆಗಿತ್ತು. ಹುಡುಕಿದರೆ ಎಲ್ಲಕ್ಕೂ ಸಾಕ್ಷಿ ಸಿಗುತ್ತದೆ. ಮನೆಗೆ ಬಂದವಳೇ ಬೆಲ್ಲ, ಸಕ್ಕರೆ, ಉಳಿದ ಶೇಂಗಾ ಉಂಡಿ ಎಲ್ಲವನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದೆ. ಅತ್ತೆಯವರು ಹೊಸ್ತಿಲ ಹತ್ತಿರ ಕೂತು ನೋಡುತ್ತಿದ್ದರು. ಯಾಕೆಂದು ಕೇಳಿದರು. ನಾನು ನೇರವಾಗಿ ಹೇಳಿದೆ. ಮಾತು ಮುಚ್ಚಿಡುವುದು ನನಗೆ ಬರುವುದಿಲ್ಲ. ಆ ದಿನವಾದರೂ ಅದು ಬಂದಿದ್ದರೆ ಒಳ್ಳೆಯದಿತ್ತು.

“ಅತ್ಯಾರ, ನೀವು ಕದ್ದು ಸಿಹಿ ತಿನ್ನಾಕತ್ತೀರಿ. ಅದಕ್ಕ ಇಳೀವಲ್ದು.”

ಅವರು ಇಲ್ಲ ಅನ್ನಲಿಲ್ಲ. ಕೊರಳಿನ ಲಿಂಗದ ಮೇಲೆ ಅಂಗೈ ಇಟ್ಟು ನನ್ನ ಮುಖ ನೋಡಿದರು. “ಈ ಮನ್ಯಾಗ ಐವತ್ತು ವರ್ಷ ಬೆಲ್ಲಾ ಒಡದ ಕೈ ಇದು,” ಅಂದರು. ಅಷ್ಟೇ. ಆವತ್ತಿನಿಂದ ಅಡಿಗೆಮನೆಯ ಒಳಗೆ ಬರುವುದನ್ನು ಬಿಟ್ಟರು. ನೀರು ಬೇಕಾದರೂ ಹೊರಗಿನಿಂದ ನನ್ನನ್ನು ಕೂಗಿ ಕೇಳುತ್ತಿದ್ದರು. ನಮ್ಮ ಮನೆಯವರು ಎರಡು ಮಾತು ನನಗೆ ಹೇಳಿದರು, ನಾನು ನಾಲ್ಕು ತಿರುಗಿ ಹೇಳಿದೆ. ಅದಾದ ಹತ್ತೇ ದಿನಕ್ಕೆ ಹುಣ್ಣಿಗೆ ವಾಸನೆ ಬಂತು, ಸಿಂದಗಿಗೆ ಹೋಗಬೇಕಾಯಿತು.

ಇದಿಷ್ಟನ್ನೂ ತೊಡೆಯ ಮೇಲಿಟ್ಟುಕೊಂಡು ನಾನು ದವಾಖಾನೆ ಮುಟ್ಟಿದೆ. ಅತ್ತೆಯವರು ಮಂಚದ ಮೇಲೆ ಕಾಲು ಎತ್ತರಕ್ಕಿಟ್ಟು ಮಲಗಿದ್ದರು. ನನ್ನನ್ನು ನೋಡಿ, ಖಾರ ಕುಟ್ಟಿಸಿದ್ಯಾ ಎಂದು ಕೇಳಿದರು. ಬೆರಳಿನ ಮಾತು ಎತ್ತಲಿಲ್ಲ. ಇಲ್ಲ, ಅರ್ಧ ಉಳಿದೈತಿ ಅಂದೆ. ಬಿಸಿಲಾಗ ಬಿಟ್ಟು ಬಂದೀಯೇನು, ಬಣ್ಣ ಹೋಗ್ತೈತಿ ಅಂದರು. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತು ಬಂದೆ.

ಅಷ್ಟರಲ್ಲಿ ಅಲ್ಲಿನ ನರ್ಸಮ್ಮ ಪಟ್ಟಿಯ ಬಟ್ಟೆ, ಮುಲಾಮು, ಇನ್ಸುಲಿನ್ ಬರೆದ ಚೀಟಿ ಕೊಟ್ಟರು. ದವಾಖಾನೆಯ ಎದುರಿಗೇ ಔಷಧ ಅಂಗಡಿ. ಮತ್ತೊಂದು ಕಟ್ಟೆ, ಮತ್ತೆ ಚೀಟಿ ಚಾಚುವ ಕೈಗಳು. ಇಲ್ಲಿ ಒಳಗೆ ನಿಂತವರು ಒಬ್ಬ ಹೆಣ್ಣುಮಗಳು. ನನ್ನದೇ ವಯಸ್ಸಿರಬೇಕು, ತಲೆಗೆ ಕಪ್ಪು ಓಢಣಿ, ಮೂಗಿನ ಮೇಲೆ ಕನ್ನಡಕ. ನನ್ನ ಮುಂದೆ ಇಬ್ಬರಿದ್ದರು. ಹಿಂದಿನಿಂದ ಯಾರೋ ಕೈ ಚಾಚಿದಾಗ ಅವರು, “ಅಣ್ಣಾರ, ಅಕ್ಕಾರ ಮೊದಲ ಬಂದಾರ,” ಎಂದು ತಣ್ಣಗೆ ಹೇಳಿದರು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತೆಂದರೆ ಓದುವವರು ನಗಬಹುದು. ತುಂಬಿದ್ದು ನಿಜ.

ಅವರು ಮುಲಾಮು ತೆಗೆದಿಟ್ಟರು, ದಿನಕ್ಕೆ ಎಷ್ಟು ಸಲ ಎಂದು ಅದರ ಮೇಲೆ ಕನ್ನಡದಲ್ಲಿ ಬರೆದರು. ಫ್ರಿಜ್ಜಿನ ಬಾಗಿಲು ತೆಗೆದು ಇನ್ಸುಲಿನ್ ಹೊರಗಿಟ್ಟರು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬರ್ಫದ ತುಂಡು, ಅಂದರೆ ಐಸು, ಹಾಕಿ, ಬಟ್ಟೆ ಸುತ್ತಿ, ಅದರ ಮಗ್ಗುಲಿಗೆ ಡಬ್ಬಿ ಸಮೇತ ಬಾಟಲಿ ಇಡತೊಡಗಿದರು. ಬರ್ಫ ಯಾಕೆ ಎಂದು ಕೇಳಿದೆ. ಅವರ ಕೈ ನಿಂತಿತು.

“ಇಷ್ಟು ದಿನ ಹ್ಯಾಂಗ ಒಯ್ದೀರಿ ಅಕ್ಕಾರ?”

ಪೇಪರಿನಲ್ಲಿ ಸುತ್ತಿಕೊಂಡು ಅಂದೆ. ಬಸ್ಸಿನಲ್ಲೋ ಅಂದರು. ಹೌದು ಅಂದೆ. ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದರು. ಜಗಲಿ ಮೇಲೆ, ದೀಪದ ಹತ್ತಿರ ಅಂದೆ. ಹೇಳುತ್ತ ಹೇಳುತ್ತ ನನಗೇ ಏನೋ ತಿಳಿಯತೊಡಗಿತು. ಡಾಕ್ಟರಿಗೆ ತೋರಿಸಲೆಂದು ತಂದಿದ್ದ ಹಳೇ ಬಾಟಲಿಯನ್ನು ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರು, ನಿಧಾನಕ್ಕೆ ಹೊರಳಿಸಿದರು. ಗಾಜಿಗೆ ಅಂಟಿದ ಬಿಳಿ ಕಾಳುಗಳನ್ನು ನನಗೆ ತೋರಿಸಿದರು.

“ಇದು ಹಾಲಿದ್ದಂಗ ರೀ ಅಕ್ಕಾರ. ಬಿಸಿಯಾಗಿ ಒಡದೈತಿ. ಒಡದ ಹಾಲಿನಾಗ ಬೆಣ್ಣಿ ಎಲ್ಲಿ ಬರಬೇಕು? ನೀವು ಚುಚ್ಚಿದ್ದು ಬರೇ ನೀರು ಅಂತ ತಿಳ್ಕೋರಿ.”

ಹಾಗಾದರೆ ಬೆಲ್ಲ ತಿಂದಿಲ್ಲ, ಅಂದೆ. ನನ್ನ ಬಾಯಿಂದ ಮೊದಲು ಬಂದದ್ದು ಆ ಮಾತು. ಏನಂದ್ರಿ ಎಂದು ಅವರು ಕೇಳಿದರು. ಏನಿಲ್ಲ ಅಂದೆ. ಕಟ್ಟೆಯ ಅಂಚು ಹಿಡಿದುಕೊಂಡೆ. ಅವರು ಒಳಗಿನಿಂದ ಸ್ಟೂಲು ತಂದು ಕೂರಿಸಿದರು, ನೀರು ಕೊಟ್ಟರು. ದೀಪದ ಮಾತಿಗೆ ಅವರು ನಗಲಿಲ್ಲ. ತಮ್ಮ ತಾಯಿಯೂ ಊರಿನ ದರ್ಗಾದಿಂದ ತಂದ ದಾರವನ್ನು ಔಷಧದ ಬಾಟಲಿಗೆ ಕಟ್ಟಿ ಕಿಟಕಿಯ ಬಿಸಿಲಿನಲ್ಲಿ ಇಟ್ಟಿದ್ದರಂತೆ. ತಾಯಿಗೆ ಹೇಳಿ ಹೇಳಿ ಇವರಿಗೆ ಸಾಕಾಗಿತ್ತಂತೆ. “ದೇವ್ರು ಬ್ಯಾಡ ಅನ್ನಂಗಿಲ್ರಿ. ದೀಪ ಅಷ್ಟ ಬ್ಯಾಡ,” ಅಂದರು.

ಫ್ರಿಜ್ಜಿನ ಮುಸುರೆಯ ಮಾತನ್ನೂ ಅವರಿಗೆ ಹೇಳಿದೆ. ಹೇಳದಿದ್ದರೆ ಮನೆಗೆ ಹೋಗಿ ಮತ್ತೆ ಅದೇ ತಪ್ಪು ಮಾಡುತ್ತಿದ್ದೆನೋ ಏನೋ. ಅವರು ಸ್ವಲ್ಪ ವಿಚಾರ ಮಾಡಿ, ಮುಚ್ಚಳದ ಸ್ಟೀಲು ಡಬ್ಬಿಯೊಂದನ್ನು ಇದಕ್ಕೇ ಬೇರೆ ಇಡಿ, ಬಾಟಲಿ ಅದರೊಳಗಿರಲಿ, ಡಬ್ಬಿಯನ್ನು ಫ್ರಿಜ್ಜಿನ ಬಾಗಿಲಿಗೆ ಇಡಿ, ಬರ್ಫ ಕಟ್ಟುವ ಮೇಲಿನ ಖಾನೆಗೆ ಮಾತ್ರ ಬೇಡ ಅಂದರು. ಕರೆಂಟು ಹೋದರೆ ಪದೇ ಪದೇ ಬಾಗಿಲು ತೆಗೆಯಬೇಡಿ ಅಂದರು. ಎಲ್ಲವನ್ನೂ ಒಂದು ಚೀಟಿಯ ಹಿಂದೆ ಬರೆದು ಕೊಟ್ಟರು. ಆ ಹೊತ್ತಿಗೆ ಹಿಂದೆ ಐದಾರು ಮಂದಿ ಕೂಡಿದ್ದರು. ಒಬ್ಬರು ಗೊಣಗಿದರು. “ನಿಮ್ಮ ಪಾಳಿ ಬಂದಾಗ ನಿಮಗೂ ಹಿಂಗ ಹೇಳ್ತೇನ್ರಿ,” ಎಂದು ಅವರಿಗೆ ಉತ್ತರ ಕೊಟ್ಟರು ಈ ಹೆಣ್ಣುಮಗಳು.

ಓಡಿ ಹೋಗಿ ಡಾಕ್ಟರರಿಗೆ ಹಳೇ ಬಾಟಲಿ ತೋರಿಸಿದೆ. ಅವರು ತಲೆಗೆ ಕೈ ಹಚ್ಚಿಕೊಂಡರು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಹಾಗಾದರೆ ಔಷಧ ಇನ್ನೂ ಶುರುವೇ ಆಗಿಲ್ಲ, ಇವತ್ತಿನಿಂದ ಶುರು ಅಂದುಕೊಳ್ಳೋಣ, ಬೆರಳಿನ ಮಾತು ಎಂಟು ದಿನದ ಮೇಲೆ ಅಂದರು. ಇವತ್ತಿನಿಂದ ಶುರು ಎಂಬ ಮಾತನ್ನು ನಾನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡೆ.

ಅತ್ತೆಯವರ ಮಂಚದ ಹತ್ತಿರ ಹೋದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು, ಅವರ ಮುಂದೆಯೇ ಹೇಳಿದೆ. ಬೀಗ ಹಾಕಿದ್ದು ನಾನು, ಕೆಡಿಸಿದ್ದು ನಾನು, ನಿಮ್ಮದೇನೂ ತಪ್ಪಿರಲಿಲ್ಲ ಅಂದೆ. ಪಟ್ಟಿ ಕಟ್ಟಿದ ಪಾದಕ್ಕೆ ಹಣೆ ಹಚ್ಚಲು ಬಗ್ಗಿದಾಗ ನನ್ನ ತಲೆಯ ಮೇಲೆ ಅವರ ಕೈ ಬಿತ್ತು.

“ಹೋಳಿಗಿ ಒಂದು ತಿಂದಿದ್ದೆ,” ಅಂದರು. “ಯುಗಾದಿ ದಿನ. ಅದನ್ನ ಶಿವನ ಮುಂದ ಒಪ್ಕೊಂಡೇನಿ. ನಿನ್ನ ಮುಂದ ಒಪ್ಕೊಳ್ಳಾಕ ಸಿಟ್ಟು ಬಂದಿತ್ತು.”

ನಮ್ಮ ಮನೆಯವರು ನಗು ತಡೆಯಲಾರದೆ ಹೊರಗೆ ಹೋದರು. ನಾನು ಅಳುತ್ತಲೇ ನಕ್ಕೆ. ಆಮೇಲೆ ದೀಪದ ಕಥೆಯನ್ನೂ, ಸ್ಟೀಲು ಡಬ್ಬಿಯ ಕಥೆಯನ್ನೂ ಹೇಳಿ, ಫ್ರಿಜ್ಜಿನಲ್ಲಿ ಇಟ್ಟರೆ ನಿಮಗೆ ನಡೆಯುತ್ತದೆಯೇ ಎಂದು ಕೇಳಿದೆ. ಇಷ್ಟು ದಿನ ಅವರನ್ನು ಕೇಳಿಯೇ ಇರಲಿಲ್ಲ ನಾನು. ಅವರ ಮಡಿಯನ್ನು ನಾನೇ ಅಳೆದು ನಾನೇ ಕಾಯುತ್ತಿದ್ದೆ. ಅವರು ಒಂದು ಗಳಿಗೆಯೂ ವಿಚಾರ ಮಾಡಲಿಲ್ಲ.

“ಬ್ಯಾಸಗ್ಯಾಗ ಗುಡಿಯೊಳಗ ಲಿಂಗದ ಮ್ಯಾಲ ಗಡಗಿ ಕಟ್ಟಿ ನೀರು ಹನಿಸ್ತೀವಿ. ದೇವ್ರಿಗೇ ತಂಪು ಬೇಕು, ಔಷಧಕ್ಕ ಬ್ಯಾಡನು?”

ಆ ಎಂಟು ದಿನ ಸಿಂದಗಿಯಲ್ಲೇ ಇದ್ದೆ. ದಿನಕ್ಕೆ ನಾಲ್ಕು ಸಲ ಬೆರಳ ತುದಿಯಿಂದ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದರು. ಎರಡನೆಯ ದಿನ ಕೊಂಚ ಇಳಿಯಿತು. ಮೂರನೆಯ ದಿನ ಮತ್ತೆ ಏರಿತು. ನಾಲ್ಕನೆಯ ದಿನದಿಂದ ಹಿಡಿತಕ್ಕೆ ಬಂತು. ಹುಣ್ಣಿನ ವಾಸನೆ ಹೋಯಿತು. ಡಾಕ್ಟರರು ಕಪ್ಪಾದ ಚರ್ಮವನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ ತೆಗೆದರು. ಉಗುರು ಹೋಯಿತು. ಎಂಟನೆಯ ದಿನ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. ಒಳಗೆ ಗುಲಾಬಿ ಬಣ್ಣದ ಹೊಸ ಮಾಂಸ ಕಾಣುತ್ತಿತ್ತು. ಬೆರಳು ಇರಲಿ ಬಿಡಿ, ಗಾಯ ಪೂರ್ತಿ ಮಾಯುವ ತನಕ ಹುಷಾರು ಅಂದರು. ಅತ್ತೆಯವರು ಕೇಳಿದ್ದು ಒಂದೇ. ಉಗುರು ಮತ್ತೆ ಬರುತ್ತದೆಯೇ? ಬರುತ್ತದೆ ಅಂದರು ಡಾಕ್ಟರ್. ಹಾಗಾದ್ರ ಲೆಕ್ಕ ಸರಿ ಐತಿ ಅಂದರು ಇವರು.

ಹೊರಡುವ ಮುಂಚೆ ಎದುರಿನ ಅಂಗಡಿಗೆ ಹೋಗಿ ಬೆರಳು ಉಳಿಯಿತು ಎಂದು ಹೇಳಿದೆ. ಆ ಹೆಣ್ಣುಮಗಳು ಕನ್ನಡಕ ತೆಗೆದು ಒರೆಸಿಕೊಂಡರು. ಸದ್ಯ, ಅಂದರು. ಅವರ ಹೆಸರು ಕೇಳುವುದನ್ನೂ ಮರೆತೆ. ದಿನಾ ಸಂಜೆ ದೀಪ ಹಚ್ಚುವಾಗ ಸಿಂದಗಿಯ ಅಕ್ಕ ಎಂದು ನೆನೆಯುತ್ತೇನೆ, ದೇವರಿಗೆ ವಿಳಾಸ ಗೊತ್ತಿರುತ್ತದೆ.

ನಮ್ಮ ಮನೆಯವರಿಗೆ ಇಂಡಿಯ ಅಂಗಡಿಗೆ ಹೋಗಿ ಜಗಳ ಮಾಡುವ ಆಸೆಯಿತ್ತು. ನಾನೇ ಹೋಗುತ್ತೇನೆ ಅಂದೆ. ಮುಂದಿನ ವಾರ ಹೋದೆ. ನನ್ನ ಪಾಳಿ ಬರುವ ತನಕ ಕಾದು, ಹಳೇ ಬಾಟಲಿಯನ್ನು ಕಟ್ಟೆಯ ಮೇಲಿಟ್ಟೆ. ನಿಮ್ಮೊಂದಿಗೆ ಜಗಳಕ್ಕೆ ಬಂದಿಲ್ಲ, ದೀಪದ ಹತ್ತಿರ ಇಟ್ಟವಳು ನಾನು, ಆ ತಪ್ಪು ನನ್ನದು ಅಂದೆ. “ಆದ್ರ ಇದನ್ನ ಮುಂದ ಒಯ್ಯವರಿಗಿ ತಂಪಿನ್ಯಾಗ ಇಡ್ರಿ ಅಂತ ಒಂದ ಮಾತು ಹೇಳ್ರಿ. ಅಷ್ಟ ಕೇಳಾಕ ಬಂದೇನಿ.” ನನ್ನ ದನಿ ಗಟ್ಟಿಯಾಗಿಯೇ ಇತ್ತು. ನಿಂತವರು ಈ ಸಲ ನಗಲಿಲ್ಲ. ಅಂಗಡಿಯವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. ಹೂಂ ಹೇಳ್ತೇವ್ರಿ ಅಂದರು. ಫೋನು ಬಂತು, ಎತ್ತಿಕೊಂಡರು. ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಬಾಯಿ ನನಗೆ ತಿರುಗಿ ಬಂತಲ್ಲ, ಅದು ನನ್ನ ಪಾಲಿಗೆ ಸಾಕು. ಈಗ ಯಾವ ಔಷಧ ತಂದರೂ ಎಲ್ಲಿಡಬೇಕು, ಊಟದ ಮುಂಚೆಯೋ ಆಮೇಲೋ ಎಂದು ಕೇಳದೆ ಕಟ್ಟೆ ಬಿಡುವುದಿಲ್ಲ. ಗೊಣಗುವವರು ಗೊಣಗುತ್ತಾರೆ.

ಬಸವ ಜಯಂತಿಯ ಹಿಂದಿನ ದಿನ ಅತ್ತೆಯವರ ಪಟ್ಟಿ ಪೂರ್ತಿ ಬಿಚ್ಚಿತು. ಹೆಬ್ಬೆರಳು ಬೋಳಾಗಿ, ಸ್ವಲ್ಪ ಸಣ್ಣದಾಗಿ, ಎಳೆ ಕೂಸಿನ ಬೆರಳಿನಂತೆ ಕಾಣುತ್ತಿತ್ತು. ಮೆತ್ತನೆಯ ಚಪ್ಪಲಿ ತಂದುಕೊಟ್ಟಿದ್ದೆವು. ಹೊಲಕ್ಕೆ ಮೆಟ್ಟುತ್ತೀರಾ ಎಂದು ಕೇಳಿದರೆ, ಭೂಮಿತಾಯಿಗೆ ಹೇಳಿಕೊಂಡು ಮೆಟ್ಟುತ್ತೇನೆ ಅಂದರು. ಮರುದಿನ ಮುಂಜಾನೆ ಮಿಂದು, ಗೋಡೆ ಹಿಡಿಯದೆ, ನನ್ನ ಹೆಗಲು ಕೇಳದೆ, ತಾವೇ ನಡೆದು ಜಗಲಿಯ ಮುಂದೆ ಹೋದರು. ಎಷ್ಟೋ ವಾರಗಳ ಮೇಲೆ ಕಾಲು ಮಡಚಿ ಕೂತರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮಡಚಿದ ಮೊಣಕಾಲಿನ ಕೆಳಗಿನಿಂದ ಆ ಬೆರಳು ಇಣುಕಿ ನೋಡುತ್ತಿತ್ತು. ಬಾಗಿಲಲ್ಲಿ ನಿಂತು ನಾನು ಐದೂ ಬೆರಳು ಎಣಿಸಿದೆ. ಮತ್ತೊಂದು ಸಲ ಎಣಿಸಿದೆ.

ಅಷ್ಟರಲ್ಲಿ ಓಣಿಯಲ್ಲಿ ನಳ ಬಂತೆಂದು ಯಾರೋ ಕೂಗಿದರು. ನಮ್ಮಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಬಂದರೆ ಒಂದು ತಾಸು. ಎರಡು ಕೊಡ ಎತ್ತಿಕೊಂಡು, ಸೋಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ನೀರು ತುಂಬಲು ಹೋದೆ.